ಎಂಜಿನ್ ಗೆಲ್ಲೋ ಮೂವ್ ನೋಡ್ತಾನೇ ಇರ್ಲಿಲ್ಲ

ತೀರ್ಥಹಳ್ಳಿಲಿ ಮಳೆ ಹಿಡ್ಕೊಂಡು ಮನೇಲೇ ಕೂತಿದ್ದಾಗ 1998ರ ಲಿನಾರೆಸ್ ಚೆಸ್ ಟೂರ್ನಿಯ ಟೊಪಾಲೊವ್-ಶಿರೊವ್ ಗೇಮನ್ನ ಫೋನಲ್ಲಿದ್ದ ಹಳೇ ಸ್ಟಾಕ್‌ಫಿಶ್ ಅನ್ನೋ ಚೆಸ್ ಎಂಜಿನ್‌ಗೆ (ಒಳ್ಳೇ ಮೂವ್ ಲೆಕ್ಕ ಹಾಕಿ ಹೇಳೋ ಪ್ರೋಗ್ರಾಮ್) ಹಾಕ್ದೆ. 47ನೇ ಮೂವಲ್ಲಿ ಕರಿ ಕಾಯಿ ಆಡ್ತಿದ್ದ ಶಿರೊವ್ ತನ್ನ ಬಿಷಪ್‌ನ ಎಚ್3 ಅನ್ನೋ ಮನೇಲಿ ಸುಮ್ನೆ ಬಲಿ ಕೊಡ್ತಾನೆ, ತನ್ನ ರಾಜ ಬೇಗ ಮುಂದೆ ನುಗ್ಲಿ ಅಂತ. ನಮ್ಮ ಎಂಜಿನ್ನು ಅದ್ನ ಬಿಟ್ಟು ಬೇರೆ ಏನೇನೋ ತೋರಿಸ್ತಾ ಕೂತಿತ್ತು. ಕೆಟ್ಟಿದೆ ಅಂದ್ಕೊಂಡು ಎರಡು ಸಲ ಇನ್‌ಸ್ಟಾಲ್ ಮಾಡ್ದೆ, ದಂಡ.

ವಿಷ್ಯ ಏನಂದ್ರೆ ಅದು ಎಲ್ಲಾ ಮೂವ್‌ನೂ ಒಂದೇ ಆಳಕ್ಕೆ ನೋಡಲ್ಲ, ಪಟ್ಟಿಲಿ ಹಿಂದೆ ಇರೋ ಮೂವ್‌ಗಳನ್ನ ಮೇಲ್ಮೇಲೆ ನೋಡಿ ಬಿಡುತ್ತೆ, ಬಿಷಪ್ ಪುಕ್ಸಟೆ ಕೊಡೋ ಮೂವ್ ಮುಂದೆ ಹೆಂಗೆ ಬರುತ್ತೆ ಹೇಳಿ!

ಮಲ್ಟಿಪಿವಿ (ಒಂದೇ ಸಲಕ್ಕೆ ಎಷ್ಟು ಒಳ್ಳೇ ಮೂವ್ ತೋರಿಸ್ಬೇಕು ಅನ್ನೋ ಸೆಟ್ಟಿಂಗು) 1 ಇದ್ದಿದ್ದನ್ನ 5 ಮಾಡ್ದೆ, ಹ್ಯಾಶ್ (ಎಂಜಿನ್ನು ಲೆಕ್ಕ ಹಾಕಿದ್ದನ್ನ ಇಟ್ಕೊಳ್ಳೋ ಮೆಮೊರಿ) 16 ಎಂಬಿ ಇತ್ತು, 512 ಮಾಡ್ದೆ. ಆಗ್ಲೂ ತಡ ಮಾಡ್ತು, ಅಷ್ಟರಲ್ಲಿ ಕರೆಂಟು ಬೇರೆ ಹೋಯ್ತು. ಕೊನೆಗೆ ಆ ಬಿಷಪ್ ಮೂವ್‌ನ ನಾನೇ ಆಡಿ, ಮುಂದಿನ ಮೂರ್ನಾಲ್ಕು ಮೂವ್ ನಡೆಸಿ, ಸ್ಕೋರ್ ಕರಿ ಕಡೆ ಏರಿದ್ಮೇಲೆ ಒಂದೊಂದೇ ಹಿಂದೆ ಬಂದೆ. ಹ್ಯಾಶ್‌ಲಿ ನೆನಪು ಉಳ್ದಿರುತ್ತಲ್ಲ, ಈಗ ಅದೇ ಮೂವ್ ಮೊದಲ ಸಾಲಲ್ಲಿ ಬಂತು. ಮಧ್ಯ ಹ್ಯಾಶ್ ಕ್ಲಿಯರ್ ಮಾತ್ರ ಒತ್ಬೇಡಿ, ನಾನು ಒತ್ತಿ ಇನ್ನೊಂದ್ಸಲ ಮೊದಲಿಂದ ಮಾಡ್ಬೇಕಾಯ್ತು.