ಕೆಂಪು ನೆಲದ ಹಾಲ್‌ಗೆ ಯಾವ ಬೂದು?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಹಳೆ ಮನೆ. ಬಣ್ಣ ಹೊಡೆಸೋಣ ಅಂತ ಹೊರಟಾಗ ಕೊನೆಗೆ ಉಳಿದದ್ದು ಎರಡು ಶೇಡ್. ಎರಡೂ ತಿಳಿ ಬೂದು. ಒಂದು ಸ್ವಲ್ಪ ಮಣ್ಣಿನ ಬಣ್ಣದ ಕಡೆಗೆ, ಇನ್ನೊಂದು ಹಸಿರಿನ ಕಡೆಗೆ. “ಎರಡೂ ಒಂದೇ ಅಲ್ವಾ ಮೇಡಂ, ಯಾವುದೋ ಒಂದು ಹೇಳಿಬಿಡಿ” ಅಂದರು ಪೇಂಟರ್.

ಬೆಳಕಿನ ಲೆಕ್ಕದಲ್ಲಿ ಅವರ ಮಾತು ನಿಜವೇ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇದೆ. 0 ಅಂದರೆ ಕಡುಗಪ್ಪು, 100 ಅಂದರೆ ಅಚ್ಚ ಬಿಳಿ. ನಮ್ಮ ಎರಡೂ ಶೇಡ್‌ಗಳ ಅಂಕಿ ಹತ್ತಿರ ಹತ್ತಿರ ಇತ್ತು. ವ್ಯತ್ಯಾಸ ಇದ್ದದ್ದು ಒಳಗಿನ ಛಾಯೆಯಲ್ಲಿ ಮಾತ್ರ.

ಸ್ಯಾಂಪಲ್ ಡಬ್ಬಿ ತಂದೆ, ಆದರೆ ಗೋಡೆಗೆ ಬಳಿಯಲಿಲ್ಲ. ಸುತ್ತ ಹಳೆ ಹಳದಿ ಇದ್ದರೆ ನಡುವಿನ ಬೂದು ಸುಮ್ನೆ ನೀಲಿ ನೀಲಿ ಕಾಣುತ್ತದೆ. ದಪ್ಪ ಡ್ರಾಯಿಂಗ್ ಶೀಟ್‌ಗೆ ಎರಡು ಕೋಟ್ ಹೊಡೆದು, ಸುತ್ತ ಬಿಳಿ ಅಂಚು ಬಿಟ್ಟೆ. ಪೂರ್ತಿ ಒಣಗುವವರೆಗೆ ನೋಡಲೂ ಹೋಗಲಿಲ್ಲ. ಎಮಲ್ಷನ್ ಪೇಂಟ್ ಒಣಗಿದ ಮೇಲೆ ಸಾಮಾನ್ಯವಾಗಿ ಒಂಚೂರು ಗಾಢವಾಗುತ್ತದೆ. ಆಮೇಲೆ ಶೀಟ್‌ಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಟೇಬಲ್ ಮೇಲೆ ಮಲಗಿಸಿದರೆ ಬೆಳಕು ಬೀಳುವ ರೀತಿಯೇ ಬೇರೆ.

ನಿಜವಾದ ಪರೀಕ್ಷೆ ಮಾಡಿದ್ದು ನಮ್ಮ ರೆಡ್ ಆಕ್ಸೈಡ್ ನೆಲ. ಸಂಜೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬೀಳುತ್ತದೆ. ಆ ಕೆಂಪು ಗೋಡೆಯ ಕೆಳಭಾಗಕ್ಕೆಲ್ಲ ಹತ್ತುತ್ತದೆ. ಮಣ್ಣಿನ ಛಾಯೆಯ ಶೀಟ್ ಅಲ್ಲಿ ಥೇಟ್ ಗುಲಾಬಿ! ಹಸಿರು ಛಾಯೆಯದು ಮಾತ್ರ ಕೆಂಪನ್ನು ನುಂಗಿಕೊಂಡು ಅಪ್ಪಟ ಬೂದಾಗಿ ನಿಂತಿತು.

ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಕಥೆ ಉಲ್ಟಾ. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಅಂಕಿ ಕಮ್ಮಿಯಾದಷ್ಟೂ ಬೆಳಕು ಹಳದಿ) ಆ ತಣ್ಣನೆ ಬಿಳಿ ಬೆಳಕಲ್ಲಿ ಅದೇ ಹಸಿರು ಬೂದು ಆಸ್ಪತ್ರೆ ಗೋಡೆ ಥರ ಕಂಡಿತು. ನನ್ನ ಪ್ರಕಾರ ಬಣ್ಣ ಬದಲಿಸುವುದಕ್ಕಿಂತ ದೀಪ ಬದಲಿಸುವುದು ಸುಲಭ. 3000 ಕೆಲ್ವಿನ್‌ನ ಎಲ್‌ಇಡಿ ಹಾಕಿದ ಮೇಲೆ ಸರಿಹೋಯಿತು. ಅತ್ತೆಗೆ ಮಾತ್ರ ಆ ಹಳದಿ ಬೆಳಕಲ್ಲಿ ಪೇಪರ್ ಓದಲು ಕಷ್ಟ, ಅವರ ಕುರ್ಚಿ ಪಕ್ಕಕ್ಕೆ ಬೇರೆ ಲ್ಯಾಂಪ್ ಇಟ್ಟೆವು.

ಹಾಲ್‌ಗೆ ಹಸಿರು ಛಾಯೆಯದೇ ಆಯಿತು. ಬಿಳಿ ಟೈಲ್ಸ್ ಇರುವ ಮಲಗುವ ಕೋಣೆಗೆ ಮಣ್ಣಿನ ಛಾಯೆಯದು; ಅಲ್ಲಿ ಅದು ಗುಲಾಬಿಗೆ ತಿರುಗುವುದಿಲ್ಲ. ಹಾಲ್‌ಗೆ ತಂದ ಬಣ್ಣದ ಡಬ್ಬಿಗಳನ್ನೆಲ್ಲ ಒಂದೇ ದೊಡ್ಡ ಬಕೆಟ್‌ಗೆ ಸುರಿದು ಕಲಸಲು ಪೇಂಟರ್‌ಗೆ ಹೇಳಿದೆ. ಇಂಥ ಮೆತ್ತನೆ ಬಣ್ಣದಲ್ಲಿ ಡಬ್ಬಿಯಿಂದ ಡಬ್ಬಿಗೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ಗೋಡೆ ಮಧ್ಯೆ ಎದ್ದು ಕಾಣುತ್ತದೆ.