ಬಲಪ್ರಯೋಗದ ಲೇಖನಕ್ಕೆ ಹೆಸರು ಸಿಕ್ಕಿದ್ದು ಹೇಗೆ: ನನ್ನ ಚೀಟಿ ಪ್ರಯೋಗ

ಶೀರ್ಷಿಕೆ ಬೇಕಾದರೆ ನಿಘಂಟು ನೋಡು, ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ಜನರನ್ನು ಕೇಳ್ತಾರೇನು ಅಂತ ವಿಶ್ವಕೋಶಕ್ಕೆ ಬರೆಯುವ ನಮ್ಮ ಗುಂಪಿನ ಹಿರಿಯರು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಚೀಟಿ ಹಂಚುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ದೇಶ ಇನ್ನೊಂದರ ಮೇಲೆ ಯಾವಾಗ ಸೇನೆ ಬಳಸಬಹುದು, ಯಾವಾಗ ಕೂಡದು ಅನ್ನುವುದು ಲೇಖನದ ವಿಷಯ. ವಿಶ್ವಸಂಸ್ಥೆಯ ಸನ್ನದಿನ 2(4), 42, 51ನೇ ವಿಧಿಗಳು (ಕ್ರಮವಾಗಿ ಬಲಪ್ರಯೋಗದ ನಿಷೇಧ, ಭದ್ರತಾ ಮಂಡಳಿಯ ಸೇನಾ ಕ್ರಮ, ಆತ್ಮರಕ್ಷಣೆ), ಅಮೆರಿಕದ ವಿರುದ್ಧ ವಿಶ್ವ ನ್ಯಾಯಾಲಯ ಕೊಟ್ಟ 1986ರ ನಿಕರಾಗುವಾ ತೀರ್ಪು, ಎಲ್ಲಾ ಬರೆದಾಗಿತ್ತು. ತಲೆಬರಹ ಮಾತ್ರ ಕೂರುತ್ತಿರಲಿಲ್ಲ.

ವಿಧಾನ ಸರಳ. ಚೀಟಿಯಲ್ಲಿ ಶೀರ್ಷಿಕೆ, ಕೆಳಗೆ ಒಂದೇ ಪ್ರಶ್ನೆ: ‘ಇದರೊಳಗೆ ಏನಿರುತ್ತೆ?’ ವಿವರಣೆ ಕೊಡಬಾರದು. ಕೇಳಿದರೂ ಕೊಡಬಾರದು.

‘ಬಲಪ್ರಯೋಗ ಕಾನೂನು’ ಮೊದಲ ಸುತ್ತಲ್ಲೇ ಬಿತ್ತು. ಕಾಲೇಜು ಹುಡುಗರು ಲಾಠಿ ಚಾರ್ಜ್ ಅಂದರು. ಕೋರ್ಟ್ ಕ್ಯಾಂಟೀನಿನ ವಕೀಲರು ಗುಂಪು ಚದುರಿಸುವ ಬಿಎನ್‌ಎಸ್‌ಎಸ್ (ಅಪರಾಧ ವಿಚಾರಣೆಯ ಕಾನೂನು) 148ನೇ ಸೆಕ್ಷನ್ನಿಗೆ ಹೋದರು. ಶಿಕಾರಿಪುರದ ಅಜ್ಜರೊಬ್ಬರು 1942ರ ಈಸೂರು ದಂಗೆಯ ಕಥೆ ಶುರು ಮಾಡಿದರು. ಮರುವರ್ಷ ಐವರನ್ನು ಗಲ್ಲಿಗೇರಿಸಿದ ತನಕ ಹೇಳಿ ಮುಗಿಸುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು. ಅದು ಬೇರೆಯೇ ಲೇಖನ, ಬರೆಯುತ್ತೇನೆ. ಆದರೆ ನೂರಕ್ಕೆ ತೊಂಬತ್ತು ಜನ ಪೊಲೀಸರನ್ನೇ ನೆನೆದ ಮೇಲೆ ಆ ಹೆಸರು ಇಡುವ ಹಾಗಿರಲಿಲ್ಲ.

‘ಯುದ್ಧ ಕಾನೂನು’ ಕೊಟ್ಟಾಗ ಯುದ್ಧ ಕೈದಿಗಳು, ಆಸ್ಪತ್ರೆ, ಜಿನೀವಾ ಒಪ್ಪಂದಗಳು ಬಂದವು. ಅವೆಲ್ಲ ಯುದ್ಧ ಶುರುವಾದ ಮೇಲಿನ ನಿಯಮಗಳು. ನಮ್ಮದು ಅದಕ್ಕೂ ಹಿಂದಿನ ಮಾತು. ಇನ್ನೊಂದು ತೊಡಕೂ ಇತ್ತು. 1928ರ ಪ್ಯಾರಿಸ್ ಒಪ್ಪಂದದಲ್ಲಿ ದೇಶಗಳು ಯುದ್ಧವನ್ನು ಕೈಬಿಡುವುದಾಗಿ ಸಹಿ ಹಾಕಿದ್ದವು. ಜಪಾನ್ ಕೂಡ ಹಾಕಿತ್ತು. 1931ರಲ್ಲಿ ಅದೇ ಜಪಾನ್ ಯುದ್ಧ ಘೋಷಿಸದೆ ಮಂಚೂರಿಯಾಕ್ಕೆ ನುಗ್ಗಿತು, ಇದು ಬರೀ ‘ಘಟನೆ’ ಅಂದಿತು. ಇಂಥ ನುಣುಚಾಟಕ್ಕೆ ಎಡೆ ಇರಬಾರದೆಂದೇ 1945ರ ಸನ್ನದು ಬಲಪ್ರಯೋಗವನ್ನೂ ಅದರ ಬೆದರಿಕೆಯನ್ನೂ ಸೇರಿಸಿ ನಿಷೇಧಿಸಿತು. ತಲೆಬರಹದಲ್ಲಿ ಯುದ್ಧ ಅಂತ ಹಾಕಿದರೆ ಲೇಖನ ವಾಪಸ್ 1928ಕ್ಕೆ ಹೋದ ಹಾಗೆ, ಅಲ್ವಾ?

ಹಿರಿಯರು ಕೊಟ್ಟ ಉದ್ದನೆಯ ಸಂಸ್ಕೃತ ಸಮಾಸವನ್ನೂ ಹಂಚಿದೆ. ಹೆಚ್ಚಿನ ಚೀಟಿ ಖಾಲಿ ಬಂದವು. ಒಬ್ಬರು ‘ಯಾವುದೋ ಹೋಮ’ ಅಂತ ಬರೆದಿದ್ದರು.

ಖರ್ಚು: ಜೆರಾಕ್ಸ್, ಕಾಫಿ, ಬಸ್ ಎಲ್ಲ ಸೇರಿ ಸಾವಿರದ ಆಸುಪಾಸು. ಅದರ ಮೇಲೆ ಸುಮ್ನೆ ಹೋದದ್ದು ಐನೂರೋ ಆರುನೂರೋ. ಚೀಟಿ ತುಂಬಿಸಿ ತರುತ್ತೇನೆಂದು ಒಬ್ಬ ದುಡ್ಡು ತಗೊಂಡ. ತಂದ ಚೀಟಿಗಳೆಲ್ಲ ಒಂದೇ ಕೈಬರಹ, ಒಂದೇ ಪೆನ್ನು.

ಗೆದ್ದದ್ದು ‘ದೇಶಗಳ ನಡುವಿನ ಬಲಪ್ರಯೋಗ ಕಾನೂನು’. ಮುಕ್ಕಾಲು ಪಾಲು ಜನ ಸರಿಯಾಗಿ ಊಹಿಸಿದರು. ಮೊಬೈಲಲ್ಲಿ ಶೀರ್ಷಿಕೆಯ ಬಾಲ ಕತ್ತರಿಸಿದರೂ ‘ದೇಶಗಳ ನಡುವಿನ’ ಉಳಿಯುತ್ತದೆ. ಅಂತರರಾಷ್ಟ್ರೀಯ, ಅಂತಾರಾಷ್ಟ್ರೀಯ, ಅಂತರಾಷ್ಟ್ರೀಯ ಅನ್ನುವ ಕಾಗುಣಿತದ ಜಗಳವೂ ಇಲ್ಲ. ಆ ಮೂರಕ್ಕೂ, ‘ಬಲ ಪ್ರಯೋಗ’ ಎಂದು ಬಿಡಿಸಿ ಬರೆದದ್ದಕ್ಕೂ ರೀಡೈರೆಕ್ಟ್ ಹಾಕಿದೆ, ಹಾಗೆ ಹುಡುಕಿದರೂ ಇದೇ ಪುಟ ತೆರೆಯುತ್ತದೆ. ಚೀಟಿ ಯಾರಿಗೆ ಮೊದಲು ಕೊಡಬೇಕು, ಯಾವ ಹೊತ್ತಲ್ಲಿ ಕೊಡಬೇಕು ಅನ್ನೋದರಲ್ಲಿ ಒಂದು ಕಿಟುಕಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಉಳಿದ ಚೀಟಿಗಳ ಹಿಂದೆ ‘ಆತ್ಮರಕ್ಷಣೆ’ ಬರೆದು ತೀರ್ಥಹಳ್ಳಿ ಕಡೆ ಹಂಚಿದೆ. ಶಾಲೆ ಮಕ್ಕಳು ಕರಾಟೆ ಅಂದರು. ತೋಟದವರು ಕಾಡುಹಂದಿ, ಬೆಳೆ ಕಾಯುವ ಕೋವಿ ಲೈಸೆನ್ಸ್, ಎಲೆಕ್ಷನ್ ಬಂದಾಗ ಅದನ್ನು ಠಾಣೆಯಲ್ಲಿ ಇಡುವ ಕಿರಿಕಿರಿ ಬರೆದರು. ಬಿಎನ್‌ಎಸ್ (ದಂಡ ಸಂಹಿತೆ) 34ರಿಂದ 44, ಅಂದರೆ ಆತ್ಮರಕ್ಷಣೆಯ ಹಕ್ಕಿನ ಸೆಕ್ಷನ್ನುಗಳು, ಯಾರಿಗೂ ಹೊಳೆಯಲಿಲ್ಲ. 51ನೇ ವಿಧಿಯಂತೂ ದೂರದ ಮಾತು. ಹಾಗಾಗಿ ಬರೀ ‘ಆತ್ಮರಕ್ಷಣೆ’ ಅನ್ನುವುದನ್ನು ದ್ವಂದ್ವ ನಿವಾರಣೆ ಪುಟ, ಅಂದರೆ ಒಂದೇ ಹೆಸರಿನ ಬೇರೆ ಬೇರೆ ಲೇಖನಗಳಿಗೆ ದಾರಿ ತೋರಿಸುವ ಪುಟ, ಮಾಡಿದೆ.

ವಕೀಲ ಗೆಳೆಯ ಇನ್ನೂ ಒಪ್ಪಿಲ್ಲ. ಭದ್ರತಾ ಮಂಡಳಿ ಅನುಮತಿ ಕೊಟ್ಟು ನಡೆಯುವ ಸೇನಾ ಕ್ರಮ ‘ದೇಶಗಳ ನಡುವಿನದು’ ಹೇಗಾಗುತ್ತೆ, ಬೆದರಿಕೆ ಎಲ್ಲಿ ಹೋಯಿತು ಅಂತ ಕೇಳುತ್ತಾನೆ. ಎರಡನ್ನೂ ಮೊದಲ ಪ್ಯಾರಾದಲ್ಲೇ ಹಾಕಿದ್ದೇನೆ. ಇದಕ್ಕಿಂತ ಚಿಕ್ಕ ಹೆಸರು ಅವನು ತಂದರೆ ಜೆರಾಕ್ಸ್ ಖರ್ಚು ನನ್ನದು.