ಸ್ಕ್ಯಾನ್ ಕ್ಲಿಯರ್ ಇತ್ತು, ಆದ್ರೂ ಮಗಳನ್ನ ಐದು ವಾರ ಮ್ಯಾಚಿಗೆ ಬಿಡ್ಲಿಲ್ಲ

ಜೂನ್ ಕೊನೇ ಶನಿವಾರ, ನಮ್ಮೂರ ಹತ್ತಿರದ ಟರ್ಫಲ್ಲಿ ಹಾಕಿ ಪ್ರಾಕ್ಟೀಸ್ ಮ್ಯಾಚ್. ಮಳೆ ಬಿಟ್ಟು ಅರ್ಧ ಗಂಟೆ ಆಗಿತ್ತಷ್ಟೆ. ಎಂಟನೇ ಕ್ಲಾಸಲ್ಲಿರೋ ನನ್ನ ಮಗಳು ಡಿಫೆನ್ಸಲ್ಲಿ ಆಡ್ತಾಳೆ, ಎದುರು ಟೀಮಿನವಳು ಹೊಡೆದ ಬಾಲ್ ಇನ್ನೊಬ್ಬಳ ಸ್ಟಿಕ್ಕಿಗೆ ತಾಗಿ ಮೇಲೆದ್ದು ಸೀದಾ ಇವಳ ಬಲಗಿವಿ ಮೇಲ್ಗಡೆ ಬಡೀತು. ಹಾಕಿ ಬಾಲ್ 156ರಿಂದ 163 ಗ್ರಾಂ ತೂಗುತ್ತೆ, ಕಲ್ಲಿದ್ದ ಹಾಗೆ ಇರುತ್ತೆ. ಬಿದ್ದಳು, ಎದ್ದಳು, ಪ್ರಜ್ಞೆ ತಪ್ಪಲಿಲ್ಲ. ತಲೆಗೆ ನೀರು ಹಾಕಿ ಮತ್ತೆ ಆಡ್ಸಿದ್ರು, ನಾನೂ ಅಲ್ಲೇ ಗ್ಯಾಲರಿಲಿ ಕೂತಿದ್ದೆ, ಬೇಡ ಅನ್ಲಿಲ್ಲ. ಅದೊಂದು ಈಗ್ಲೂ ನನ್ನ ಹೊಟ್ಟೆಲಿ ಸಂಕಟ ಆಗುತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಕೊಡಗು ಜಿಲ್ಲೆ ಇದು, ಬಿದ್ದವರು ಎದ್ದು ಆಡಬೇಕು ಅನ್ನೋದು ಇಲ್ಲಿ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾರಲ್ಲಿ ಬರ್ತಾ "ಅಪ್ಪ, ನನ್ನ ಶಿನ್ ಗಾರ್ಡ್ ಬ್ಯಾಗಲ್ಲಿ ಹಾಕಿದ್ವಾ?" ಅಂದಳು. ಹಾಕಿದೀನಿ ಮಗಳೇ ಅಂದೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಮಾತು, ಅದೇ ದನಿ. ಮೂರನೇ ಸಲ ಕೇಳ್ದಾಗ ನನ್ನ ಕೈ ಸ್ಟೇರಿಂಗ್ ಮೇಲೆ ನಡುಗೋಕೆ ಶುರುವಾಯ್ತು. ಮನೆ ದಾರಿ ಬಿಟ್ಟು ಹತ್ತಿರದ ಆಸ್ಪತ್ರೆಗೆ ತಿರುಗಿಸ್ದೆ. ಅಲ್ಲಿ ಎರಡು ಸಲ ವಾಂತಿ ಮಾಡ್ಕೊಂಡಳು, ಅವರು ಮೈಸೂರಿಗೆ ಕರ್ಕೊಂಡ್ ಹೋಗಿ ತಲೆಗೆ ಸಿ.ಟಿ. ಸ್ಕ್ಯಾನ್ ಮಾಡ್ಸಿ ಅಂದ್ರು. ತಿತಿಮತಿ ಕಾಡು ದಾಟಿ ಹುಣಸೂರು ಮೇಲೆ ಹೋಗೋ ಆ ದಾರಿ ಅವತ್ತು ಮುಗಿಯೋ ಹಾಗೇ ಇರ್ಲಿಲ್ಲ, ನನ್ನ ಹೆಂಡತಿ ಹಿಂದಿನ ಸೀಟಲ್ಲಿ ಅವಳ ತಲೆ ತೊಡೆ ಮೇಲಿಟ್ಕೊಂಡು ಏನಾದ್ರೂ ಮಾತಾಡ್ಸ್ತಾನೇ ಇದ್ಲು.

ಸ್ಕ್ಯಾನ್ ಕ್ಲಿಯರ್. ನಾವಿಬ್ರೂ ಅತ್ಬಿಟ್ವಿ. ಆಗ ಡಾಕ್ಟ್ರು ಹೇಳಿದ್ದೇ ಮುಂದೆ ನಮ್ಮನ್ನ ಕಾಪಾಡಿದ್ದು. ಸಿ.ಟಿ.ಲಿ ರಕ್ತಸ್ರಾವ, ಬುರುಡೆ ಬಿರುಕು ಕಾಣುತ್ತೆ, ಕನ್ಕಷನ್ ಕಾಣಲ್ಲ, ಕನ್ಕಷನ್ ಅಂದ್ರೆ ಏಟಿನ ರಭಸಕ್ಕೆ ಮಿದುಳು ಒಳಗೇ ಅಲುಗಾಡಿದೆ ಅಂತ, ಅದು ಪೂರ್ತಿ ವಾಸಿಯಾಗೋ ಮೊದ್ಲು ಇನ್ನೊಂದು ಏಟು ಬಿದ್ರೆ ಮಿದುಳು ಬಾತು ಜೀವಕ್ಕೇ ಅಪಾಯ ಆಗಬಹುದು, ಅಪರೂಪ ಆದ್ರೂ ಮಕ್ಕಳಲ್ಲಿ ಆಗಿದೆ ಅಂದ್ರು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್ ಐಬುಪ್ರೊಫೆನ್ ಸದ್ಯಕ್ಕೆ ಬೇಡ. ತಲೆನೋವು ಏರ್ತಾ ಹೋದ್ರೆ, ಮತ್ತೆ ಮತ್ತೆ ವಾಂತಿ ಆದ್ರೆ, ಫಿಟ್ಸ್ ಬಂದ್ರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡ್ರೆ, ಮಾತು ತೊದಲಿದ್ರೆ, ಎಬ್ಬಿಸಿದ್ರೂ ಏಳದಿದ್ರೆ, ಯೋಚನೆ ಮಾಡದೆ ವಾಪಸ್ ಬನ್ನಿ. ತಲೆಗೆ ಏಟಾದವರು ನಿದ್ದೆ ಮಾಡಬಾರ್ದು ಅಂತ ನಮ್ಮಮ್ಮ ಫೋನಲ್ಲಿ ಗಾಬರಿ ಆಗಿದ್ರು, ಅದಕ್ಕೆ ಡಾಕ್ಟ್ರು, ಪರೀಕ್ಷೆ ಆಗಿದೆಯಲ್ಲ, ಮಲಗ್ಲಿ ಬಿಡಿ, ನಿದ್ದೆನೇ ಔಷಧಿ, ರಾತ್ರಿ ಒಂದೆರಡು ಸಲ ಎಬ್ಬಿಸಿ ಮಾತಾಡ್ಸಿ ನೋಡಿ ಸಾಕು ಅಂದ್ರು.

ಮೊದಲ ಎರಡು ದಿನ ಮೊಬೈಲು, ಟಿವಿ ಬಂದ್. ಹಾಗಂತ ಕತ್ತಲೆ ಕೋಣೆಲಿ ವಾರಗಟ್ಟಲೆ ಮಲಗಿಸೋದು ಈಗ ಹೇಳಲ್ವಂತೆ, ಮನೆಯೊಳಗೆ ಓಡಾಡಲಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೀಲಿ ಅಂದಿದ್ರು. ನಾವು ಯೋಚನೆನೇ ಮಾಡಿರದ ತೊಂದ್ರೆ ಅಂದ್ರೆ ಮಳೆ ಸದ್ದು. ಅವಳ ರೂಮಿನ ಮೇಲೆ ಶೀಟು, ಕೊಡಗಿನ ಮಳೆ ಅದ್ರ ಮೇಲೆ ಬೀಳ್ತಿದ್ರೆ ಎರಡೂ ಕಿವಿ ಮುಚ್ಚಿ ಕೂತ್ಬಿಡೋಳು. ಹೆಂಚಿನ ಕಡೆ ಇರೋ ಅಜ್ಜಿ ಕೋಣೆಗೆ ಹಾಸಿಗೆ ಹಾಕಿದ್ವಿ, ಅವಳು ಅಂಗಳಕ್ಕೆ ಹೋದಾಗ ಮಾತ್ರ ಮಿಕ್ಸಿ ಹಾಕ್ತಿದ್ವಿ.

ಒಂದು ವಾರಕ್ಕೆ ನೋಡೋಕೆ ಪೂರ್ತಿ ಸರಿ ಇದ್ಲು. ನಿಜವಾದ ಕಷ್ಟ ಶುರುವಾಗಿದ್ದೇ ಆಗ. ಬುಗುಟೆ ಇಳಿದಿತ್ತು, ಹೊಲಿಗೆ ಇಲ್ಲ, ಪಟ್ಟಿ ಇಲ್ಲ, ಕಾಣೋಕೆ ಏನೂ ಇಲ್ಲ, ಹತ್ತು ದಿನದಲ್ಲಿ ಸೆಲೆಕ್ಷನ್ ಟ್ರಯಲ್ಸ್ ಬೇರೆ. ಬಂದವರೆಲ್ಲ "ಚೆನ್ನಾಗೇ ಇದಾಳಲ್ಲ" ಅನ್ನೋರು. ಅವಳೂ ತಲೆನೋವು ಇಲ್ಲಪ್ಪ ಇಲ್ಲಪ್ಪ ಅಂತಿದ್ಲು. ಒಂದು ಸಂಜೆ ಪಕ್ಕದಲ್ಲಿ ಕೂತು ಗಮನಿಸ್ದೆ, ಸಮಾಜದ ಪುಸ್ತಕದಲ್ಲಿ ಒಂದೇ ಸಾಲಿನ ಮೇಲೆ ಬೆರಳು ನಾಲ್ಕು ಸಲ ಹಿಂದೆ ಹೋಯ್ತು, ಆಮೇಲೆ ಕಣ್ಣು ಮುಚ್ಚಿ ಹುಬ್ಬಿನ ಮಧ್ಯೆ ಒತ್ಕೊಂಡಳು. ಬೈಲಿಲ್ಲ. ಟ್ರಯಲ್ಸಿಗೆ ಈ ವರ್ಷ ಹೋಗಲ್ಲ, ಅದು ಮುಗಿದ ಮಾತು, ಇನ್ನು ನೀನು ನಿಜ ಹೇಳಿದ್ರೆ ಕಳ್ಕೊಳ್ಳೋದು ಏನೂ ಇಲ್ಲ ಅಂದೆ. ತುಂಬಾ ಹೊತ್ತು ಅತ್ತಳು, ಅತ್ತು ಮುಗಿದ ಮೇಲೆ "ಹತ್ತಕ್ಕೆ ಐದು ಇದೆಯಪ್ಪ" ಅಂದಳು.

ಅವತ್ತಿಂದ ತೋಟದ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಲಿ ದಿನಾ ರಾತ್ರಿ ಅವಳೇ ಬರೀತಿದ್ಲು: ತಲೆನೋವಿಗೆ ಹತ್ತಕ್ಕೆ ಎಷ್ಟು, ನಿದ್ದೆ, ಬೆಳಕು, ಸಿಡುಕು. ಮೊದ್ಲು ಸ್ಕೂಲು, ಆಮೇಲೆ ಆಟ. ಮಧ್ಯಾಹ್ನದವರೆಗೆ ಸ್ಕೂಲು, ಕ್ಲಾಸ್ ಟೀಚರ್ ಹತ್ರ ಮಾತಾಡಿ ನೋಟ್ಸ್ ಬರೆಯೋದು, ಟೆಸ್ಟು ಬಿಡ್ಸಿದ್ವಿ. ಪೂರ್ತಿ ದಿನ ಸ್ಕೂಲು ತಡ್ಕೊಂಡ ಮೇಲೆ ಮೆಲ್ಲಗೆ ಓಟ, ಆಮೇಲೆ ಒಬ್ಬಳೇ ಸ್ಟಿಕ್ಕು ಬಾಲು, ಆಮೇಲೆ ಯಾರೂ ಮೈಗೆ ತಾಗದ ಡ್ರಿಲ್, ಡಾಕ್ಟ್ರು ನೋಡಿ ಹೂಂ ಅಂದ ಮೇಲೆ ಪೂರ್ತಿ ಪ್ರಾಕ್ಟೀಸು, ಕೊನೆಗೆ ಮ್ಯಾಚು. ಒಂದೊಂದು ಮೆಟ್ಟಿಲಿಗೂ ಕಡಿಮೆ ಅಂದ್ರೆ ಒಂದು ದಿನ, ತಲೆನೋವು ಜಾಸ್ತಿ ಆದ್ರೆ ಒಂದು ಮೆಟ್ಟಿಲು ಕೆಳಗೆ. ನಾವು ಓಟದಿಂದ ಎರಡು ಸಲ ಕೆಳಗೆ ಇಳಿದ್ವಿ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿ ಹೋಗ್ತಾರಂತೆ, ಇವಳಿಗೆ ಸ್ವಲ್ಪ ಜಾಸ್ತಿನೇ ಹಿಡೀತು, ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದ್ರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ ತಿಂದು, ಆ ವಾರವೇ ಮ್ಯಾಚ್ ಆಡಿದ್ಲು. ಅದಕ್ಕೆ ಮುಂಚೆ ಕೋಚ್ ಹತ್ರ ಕೂತು ಒಂದೇ ಮಾತು ಕೇಳ್ಕೊಂಡೆ, ಯಾವ ಮಗುಗೇ ಆಗ್ಲಿ ತಲೆಗೆ ಏಟು ಬಿದ್ರೆ ಅವತ್ತು ಮತ್ತೆ ಒಳಗೆ ಬಿಡಬೇಡಿ, ಮಗು ಚೆನ್ನಾಗಿದೀನಿ ಅಂದ್ರೂ ಬಿಡಬೇಡಿ. ಒಪ್ಕೊಂಡ್ರು. ಡಾಕ್ಟ್ರು ಹೇಳಿದ ಅಪಾಯದ ಲಕ್ಷಣಗಳನ್ನ ದೊಡ್ಡ ಅಕ್ಷರದಲ್ಲಿ ಬರೆದು, ಮಳೆಗೆ ನೆನೀಬಾರ್ದು ಅಂತ ಲ್ಯಾಮಿನೇಷನ್ ಮಾಡ್ಸಿ ಟೀಮಿನ ಫಸ್ಟ್ ಏಡ್ ಡಬ್ಬಿ ಮುಚ್ಚಳದ ಒಳಗೆ ಅಂಟಿಸಿ ಬಂದಿದೀನಿ.